ಅಂಗಳ ಮುಚ್ಚಬೇಡಿ

ಮೊನ್ನೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹೊಸದಾಗಿ ಮನೆ ಕೊಂಡ ಗೆಳೆಯರೊಬ್ಬರು ಕೇಳಿದ್ದರು: "ಮನೆ ಮುಂದಿನ ಗಾರ್ಡನ್ ತೆಗೆಸಿ ಎರಡು ಕಾರು ನಿಲ್ಲೋಕೆ ಕಲ್ಲು ಹಾಸಿ ಬ್ಲಾಕ್ ಪೇವಿಂಗ್ ಮಾಡಿಸಬೇಕು. ಒಳ್ಳೆ ಕಾಂಟ್ರಾಕ್ಟರ್ ಯಾರಾದ್ರೂ ಗೊತ್ತಾ?" ಹತ್ತು ನಿಮಿಷದಲ್ಲಿ ಆರು ನಂಬರ್ ಬಂದವು. ನಾನು ಟೈಪ್ ಮಾಡಲು ಶುರು ಮಾಡಿದ್ದು ಗುಂಪಿನಲ್ಲಿ ಹಾಕಲಾಗದಷ್ಟು ಉದ್ದವಾಯಿತು. ಅದಕ್ಕೆ ಇಲ್ಲಿ ಬರೀತಿದ್ದೀನಿ.

ನಾವಿರೋದು ಲಂಡನ್ನಿನ ವಾಯವ್ಯಕ್ಕೆ, ನಾರ್ತ್ ಹ್ಯಾರೋ ಮತ್ತು ರೇನರ್ಸ್ ಲೇನ್ ನಡುವಿನ ಒಂದು ಬೀದಿಯಲ್ಲಿ. 1930ರ ದಶಕದ ಜೋಡಿಮನೆಗಳು. ಎರಡು ಮನೆಗೆ ನಡುವೆ ಒಂದೇ ಗೋಡೆ, ಮುಂದಕ್ಕೆ ಉಬ್ಬಿದ ಬೇ ಕಿಟಕಿ, ಹೆಂಚಿನ ಮಾಡು, ಎದುರಿಗೆ ಮೊಣಕಾಲೆತ್ತರದ ಗೋಡೆ, ಪ್ರಿವೆಟ್ ಗಿಡದ ಬೇಲಿ, ಆಮೇಲೆ ಏಳೆಂಟು ಹೆಜ್ಜೆ ಮಣ್ಣು. 1906ರಲ್ಲಿ ರೇನರ್ಸ್ ಲೇನ್ ನಿಲ್ದಾಣ ಶುರುವಾದಾಗ ಸುತ್ತ ಬರೀ ಹೊಲ. ಮೆಟ್ರೋಪಾಲಿಟನ್ ರೈಲ್ವೆಯವರು 1915ರಲ್ಲಿ ಈ ಸೀಮೆಗೆಲ್ಲ 'ಮೆಟ್ರೋಲ್ಯಾಂಡ್' ಅಂತ ಹೆಸರಿಟ್ಟು ಜನರನ್ನು ಕರೆದರು. 1919ರಲ್ಲಿ ಮನೆ ಕಟ್ಟಿಸಲೆಂದೇ ಒಂದು ಕಂಪನಿ ಹುಟ್ಟಿತು. 1929ರಿಂದ ರೇನರ್ಸ್ ಲೇನಿನ ಹೊಲಗಳಲ್ಲಿ ಎದ್ದ ಬಡಾವಣೆಯ ಹೆಸರೇ ಹ್ಯಾರೋ ಗಾರ್ಡನ್ ವಿಲೇಜ್. ಹೊಗೆಯ ಊರಲ್ಲಿ ಬಾಡಿಗೆಗಿದ್ದ ಗುಮಾಸ್ತನಿಗೆ ಅವರು ತೋರಿಸಿದ ಆಸೆ ಅದು: ನಿನ್ನದೂ ಅಂತ ಒಂದು ತುಂಡು ನೆಲ, ಅದರಲ್ಲಿ ಗುಲಾಬಿ.

ಈ ಮನೆ ನಮಗೆ ಸಿಗುವ ಮುಂಚೆ ಒಂದು ಮನೆ ಕೈತಪ್ಪಿತ್ತು. ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವ ಪದ್ಧತಿ ಗೊತ್ತಿಲ್ಲದವರಿಗೆ ಹೇಳ್ತೀನಿ. ನೀವು ಬೆಲೆ ಹೇಳಿ, ಅವರು ಒಪ್ಪಿ, ಏಜೆಂಟ್ ಬೋರ್ಡಿನ ಮೇಲೆ 'ಮಾರಾಟವಾಗಿದೆ' ಅಂತ ಪಟ್ಟಿ ಅಂಟಿಸಿದರೂ ಕಾನೂನಿನ ಕಣ್ಣಲ್ಲಿ ಏನೂ ಆಗಿರೋದಿಲ್ಲ. ನಮ್ಮೂರಲ್ಲಿ ಮಾತಾದ ದಿನವೇ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡಿಕೊಳ್ತೀವಿ. ಇಲ್ಲಿ ಎರಡೂ ಕಡೆಯ ವಕೀಲರು ಸಹಿಯಾದ ಕರಾರು ಬದಲಾಯಿಸಿಕೊಂಡು ಕಾಂಟ್ರಾಕ್ಟ್ ಎಕ್ಸ್‌ಚೇಂಜ್ ಮಾಡುವ ತನಕ, ಸಾಮಾನ್ಯವಾಗಿ ನೂರಕ್ಕೆ ಹತ್ತರಷ್ಟು ಡೆಪಾಸಿಟ್ ಹೋಗುವ ತನಕ, ಯಾರು ಬೇಕಾದರೂ ಹಿಂದೆ ಸರಿಯಬಹುದು. ಅದಕ್ಕೂ ಮುಂಚೆ ಮನೆಯ ಸ್ಥಿತಿ ನೋಡುವ ಸರ್ವೆ, ಕೌನ್ಸಿಲ್ಲಿನ ಅಂದರೆ ಸ್ಥಳೀಯ ಆಡಳಿತದ ದಾಖಲೆ ಹುಡುಕುವ ಸರ್ಚ್, ಚರಂಡಿಯ ಸರ್ಚ್. ಜೊತೆಗೆ ಚೈನ್. ನಮಗೆ ಮಾರುವವರು ಇನ್ನೊಂದು ಕಡೆ ಕೊಳ್ಳುತ್ತಿರುತ್ತಾರೆ, ಅವರಿಗೆ ಮಾರುವವರು ಮತ್ತೊಂದು ಕಡೆ. ನಮ್ಮ ಚೈನಿನ ಮೇಲ್ತುದಿಯಲ್ಲಿ ನಾವು ಮುಖವನ್ನೇ ನೋಡದ ಯಾರೋ ಒಬ್ಬರು ನಾಲ್ಕನೇ ತಿಂಗಳು ಮನಸ್ಸು ಬದಲಾಯಿಸಿದರು. ಸರ್ವೆಯ ದುಡ್ಡು, ವಕೀಲರ ದುಡ್ಡು ಹೋಯಿತು. ಅದಕ್ಕಿಂತ ಹೆಚ್ಚಾಗಿ, ಮಗಳು ಯಾವ ಕೋಣೆ ತನ್ನದು ಅಂತ ಆಗಲೇ ಆರಿಸಿ ಆಗಿತ್ತು. ಇವತ್ತಿಗೂ ನನಗೆ ಆ ಪದ್ಧತಿಯ ಮೇಲೆ ಸಿಟ್ಟಿದೆ.

ಆದರೆ ಆ ಕಾಯುವ ತಿಂಗಳುಗಳಲ್ಲಿ ನನಗೊಂದು ಅಭ್ಯಾಸ ಬಂತು. ಆಫೀಸಿನಿಂದ ಬಂದು ಸಂಜೆ ಈ ಸುತ್ತಿನ ಬೀದಿಗಳಲ್ಲಿ ನಡೀತಿದ್ದೆ. ಮನೆಯ ಒಳಗನ್ನು ಏಜೆಂಟ್ ಇಪ್ಪತ್ತು ನಿಮಿಷ ತೋರಿಸ್ತಾನೆ, ಬೀದಿಯನ್ನು ನಾವೇ ನೋಡಿಕೊಳ್ಳಬೇಕು. ಬೆಲೆ ಒಂದೇ, ಕಟ್ಟಿದ ಕಾಲ ಒಂದೇ, ನಿಲ್ದಾಣಕ್ಕೆ ದೂರವೂ ಹೆಚ್ಚುಕಡಿಮೆ ಒಂದೇ ಆದ ಎರಡು ಬೀದಿಗಳಲ್ಲಿ ಒಂದರಲ್ಲಿ ನಡೆದರೆ ನಾಲ್ಕು ಜನ ಮಾತಾಡಿಸುವರು, ಇನ್ನೊಂದರಲ್ಲಿ ಒಬ್ಬರೂ ಇಲ್ಲ. ಕಾರಣ ತಿಳಿಯಲು ಕೆಲವು ವಾರಗಳೇ ಬೇಕಾದವು. ಮೊದಲನೆಯದರಲ್ಲಿ ಮನೆಗಳ ಮುಂದೆ ಮಣ್ಣಿತ್ತು. ಎರಡನೆಯದರಲ್ಲಿ ಗೋಡೆಯಿಂದ ಫುಟ್‌ಪಾತಿನವರೆಗೆ ಕಲ್ಲು ಹಾಸಿ ಕಾರು ನಿಲ್ಲಿಸಿದ್ದರು. ಅಲ್ಲಿ ಜನ ಕಾರಿನಿಂದ ಇಳಿದು ನಾಲ್ಕು ಹೆಜ್ಜೆಗೆ ಬಾಗಿಲು ಸೇರಿಬಿಡುತ್ತಿದ್ದರು. ಹೊರಗೆ ನಿಲ್ಲಲು ಅವರಿಗೆ ಕೆಲಸವೇ ಇರಲಿಲ್ಲ.

ಇಂಗ್ಲಿಷರು ಮಾತಾಡಿಸಲ್ಲ, ಪಕ್ಕದ ಮನೆಯವರ ಹೆಸರೇ ಗೊತ್ತಿಲ್ಲ ಅಂತ ನಮ್ಮವರು ದೂರುವುದನ್ನು ಬಹಳ ಕೇಳಿದ್ದೀನಿ. ಕಾರಣ ಇಲ್ಲದೆ ಬಾಗಿಲು ತಟ್ಟುವುದು ಇವರಿಗೆ ಸಂಕೋಚ, ಅದು ನಿಜ. ಆದರೆ ಕೈಯಲ್ಲಿ ಕತ್ತರಿ ಹಿಡಿದು ಬೇಲಿ ಪಕ್ಕ ನಿಂತವರನ್ನು ಮಾತಾಡಿಸಲು ಯಾವ ಸಂಕೋಚವೂ ಇಲ್ಲ. ನಮ್ಮ ಜಗಲಿ ಮಾಡುವ ಕೆಲಸವನ್ನು ಇಲ್ಲಿ ಆ ಏಳೆಂಟು ಹೆಜ್ಜೆ ಮಣ್ಣು ಮಾಡುತ್ತೆ.

ನಮಗೆ ಈ ಮನೆ ಮಾರಿದ ಅಜ್ಜ ಅಡುಗೆಮನೆ ಕಟ್ಟೆಯ ಮೇಲೆ ಒಂದು ಚೀಟಿ ಬರೆದಿಟ್ಟು ಹೋಗಿದ್ದರು. ಯಾವ ಬಿನ್ ಯಾವ ದಿನ ಹೊರಗಿಡಬೇಕು, ನೀರಿನ ಮೇನ್ ಕಾಕ್ ಎಲ್ಲಿದೆ, ಕೊನೆಯಲ್ಲಿ "ಮುಂದಿನ ಗುಲಾಬಿಗೆ ಫೆಬ್ರವರಿಯಲ್ಲಿ ಕತ್ತರಿ ಹಾಕಿ." ಆ ಚೀಟಿ ಓದಿದಾಗಲೂ ನನ್ನ ತಲೆಯಲ್ಲಿ ಪೇವಿಂಗ್ ಕೊಟೇಶನ್ನೇ ಇತ್ತು. ತಡೆದದ್ದು ಅಮ್ಮ.

ತೀರ್ಥಹಳ್ಳಿ ಕಡೆಯ ಅಮ್ಮ ಆರು ತಿಂಗಳ ವೀಸಾದಲ್ಲಿ ಬಂದಿದ್ದಳು. ಅಡಿಕೆ ಒಣಗಿಸುವ ಅಂಗಳದಲ್ಲೇ ಬದುಕಿದವಳು, ಮನೆಯೊಳಗೆ ಹೀಟರ್ ಪಕ್ಕ ಕೂತು ಎರಡೇ ವಾರಕ್ಕೆ ಸೊರಗಿದಳು. ಒಂದು ದಿನ ಸೀರೆ ಮೇಲೆ ಸ್ವೆಟರ್ ಹಾಕಿ, ಕಾಲುಚೀಲದ ಮೇಲೇ ಚಪ್ಪಲಿ ಮೆಟ್ಟಿ, ಮುಂದಿನ ತೋಟದಲ್ಲಿ ಕಳೆ ಕೀಳಲು ಕೂತಳು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಮುದುಕಿ ಹೊರಗೆ ಬಂದರು. ಅಮ್ಮ ಒದ್ದೆ ಮಣ್ಣಲ್ಲಿ ಮಂಡಿ ಊರಿದ್ದನ್ನು ನೋಡಿ ಒಳಗೆ ಹೋಗಿ, ಹಸಿರು ಬಣ್ಣದ ದಪ್ಪ ಫೋಮಿನ ಮೆತ್ತೆ ತಂದು ಬೇಲಿ ಮೇಲಿಂದ ಚಾಚಿದರು. ಅದರ ಮೇಲೆ ಎರಡು ಮಂಡಿಯ ಗುಳಿ ಬಿದ್ದಿತ್ತು, ಅಷ್ಟು ವರ್ಷ ಬಳಸಿದ್ದು. ಅಮ್ಮನಿಗೆ ಇಂಗ್ಲಿಷ್ ಬರಲ್ಲ. ಅವರಿಗೆ ಕನ್ನಡ ಹೇಗೆ ಬರಬೇಕು? ಆ ಬೇಸಿಗೆಯಿಡೀ ಇಬ್ಬರೂ ಬೆರಳು ತೋರಿಸಿ ಗಿಡಗಳ ಬಗ್ಗೆ ಮಾತಾಡಿದರು. ಅಮ್ಮ ಬಿತ್ತಿದ ಮೆಂತ್ಯದ ಸೊಪ್ಪು ಅವರ ಮನೆಗೆ ಹೋಯಿತು, ಅವರ ಲ್ಯಾವೆಂಡರ್ ಇಲ್ಲಿಗೆ ಬಂತು. ಪೇವಿಂಗ್ ವಿಷಯ ತೆಗೆದಾಗ ಅಮ್ಮ, "ಎಂತಕ್ಕಾ ಮಾರಾಯ, ಇರೋ ಒಂದಂಗಳನೂ ಮುಚ್ಚಿ ಒಳಗೆ ಕೂರೋದು?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನು ನೀರಿನ ಮಾತು. ಇಲ್ಲಿ ಕೆಳಗಿರೋದು ಲಂಡನ್ ಕ್ಲೇ, ಅಪ್ಪಟ ಜೇಡಿಮಣ್ಣು. ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತೆ, ಮಳೆಗೆ ಉಬ್ಬುತ್ತೆ, ನೀರು ಕುಡಿಯೋದು ಬಲು ನಿಧಾನ. ಅದರ ಮೇಲೆ ಸಿಮೆಂಟ್ ಹಾಕಿದರೆ ಜೋರು ಮಳೆ ಸೀದಾ ಬೀದಿಗೆ, ಅಲ್ಲಿಂದ ಯೀಡಿಂಗ್ ಬ್ರೂಕ್ ಹಳ್ಳಕ್ಕೆ. 2007ರ ಬೇಸಿಗೆಯಲ್ಲಿ ಹಲ್, ಶೆಫೀಲ್ಡ್, ಗ್ಲಾಸ್ಟರ್‌ಶೈರ್ ಮುಳುಗಿದ ಮೇಲೆ ಇಂಗ್ಲೆಂಡಿನಲ್ಲಿ ನಿಯಮ ಬದಲಾಯಿತು. 2008ರ ಅಕ್ಟೋಬರ್ 1ರಿಂದ, ಮುಂದಿನ ತೋಟದಲ್ಲಿ 5 ಚದರ ಮೀಟರಿಗಿಂತ ಹೆಚ್ಚು ಜಾಗಕ್ಕೆ ನೀರು ಇಂಗದ ಹಾಸು ಹಾಕಿ, ಆ ನೀರು ನಿಮ್ಮದೇ ಮಣ್ಣಿಗೆ ಹರಿಯದಿದ್ದರೆ, ಕೌನ್ಸಿಲ್ಲಿನಿಂದ ಪ್ಲಾನಿಂಗ್ ಪರ್ಮಿಶನ್ ಬೇಕು. ಕೆಲವು ಕಾಂಟ್ರಾಕ್ಟರ್‌ಗಳು ಇದನ್ನು ಹೇಳುವುದೇ ಇಲ್ಲ, ನನಗೆ ಬಂದ ಮೂರು ಕೊಟೇಶನ್‌ಗಳಲ್ಲಿ ಒಂದರಲ್ಲೂ ಇರಲಿಲ್ಲ. ಫುಟ್‌ಪಾತ್ ತಗ್ಗಿಸಿ ಕಾರು ಹತ್ತಿಸಲು ಕೌನ್ಸಿಲ್ಲಿನ ಒಪ್ಪಿಗೆ ಬೇರೆ ಬೇಕು. ಹಾಗೆ ತಗ್ಗಿಸಿದಾಗ ಬೀದಿಯಲ್ಲಿ ಎಲ್ಲರಿಗೂ ಇದ್ದ ಒಂದು ಪಾರ್ಕಿಂಗ್ ಜಾಗ ಹೋಗುತ್ತೆ ಅನ್ನೋದೂ ನೆನಪಿರಲಿ.

ಕಾರಿನ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಒಂದು ಜೋಡಿಮನೆಗೂ ಇನ್ನೊಂದಕ್ಕೂ ನಡುವಿನ ಓಣಿ ಮಾಡಿದ್ದು 1930ರ ದಶಕದ ಪುಟ್ಟ ಕಾರುಗಳಿಗೆ, ಈಗಿನದು ಕನ್ನಡಿ ಮಡಚಿದರೂ ಹೋಗಲ್ಲ. ಎಲೆಕ್ಟ್ರಿಕ್ ಕಾರಿದ್ದರೆ ಚಾರ್ಜರ್ ಮನೆ ಹತ್ತಿರ ಬೇಕೇ ಬೇಕು. ಮಳೆಯಲ್ಲಿ ಮಗು ಎತ್ತಿಕೊಂಡು ಬೀದಿಯ ಆ ತುದಿಯಿಂದ ಬರುವುದು ಸುಲಭವಲ್ಲ. ಅದಕ್ಕೆ ನಾವು ಅರ್ಧಕ್ಕೆ ನಿಂತೆವು. ಗಾಲಿ ಹೋಗುವಷ್ಟಕ್ಕೆ ಎರಡು ಸಾಲು ಕಲ್ಲು, ನಡುವೆ ಜಲ್ಲಿ, ಒಂದೇ ಕಾರು. ಬೇಲಿ, ಗುಲಾಬಿ, ಕಿಟಕಿ ಕೆಳಗಿನ ಮಣ್ಣು ಹಾಗೇ ಉಳಿದವು. ಎರಡನೇ ಕಾರು ಬೀದಿಯಲ್ಲೇ ನಿಲ್ಲುತ್ತೆ. ಮನೆ ಮಾರುವಾಗ ಬೆಲೆ ಕಮ್ಮಿ ಬರುತ್ತೆ ಅಂತ ಹೆದರಿಸುವವರಿಗೆ ನಾನು ಹೇಳೋದು ಇಷ್ಟೇ, ನಾವು ಈ ಬೀದಿಗೆ ಬೆಲೆ ಕೊಟ್ಟಿದ್ದೇ ಈ ಹಸಿರು ನೋಡಿ.

ಗೆಳೆಯರೇ, ಕಾಂಟ್ರಾಕ್ಟರಿಗೆ ಫೋನ್ ಮಾಡುವ ಮುಂಚೆ ಒಂದು ಬೇಸಿಗೆ ಕಾಯಿರಿ. ಬೇಲಿಯಲ್ಲಂತೂ ಆಗಸ್ಟ್ ತನಕ ಹಕ್ಕಿ ಗೂಡಿರಬಹುದು, ಮೊಟ್ಟೆ ಮರಿ ಇರುವ ಗೂಡು ಕೆಡವುವುದು ಇಲ್ಲಿ ಅಪರಾಧ. ಶನಿವಾರ ಬಿಡುವಿದ್ದರೆ ಮನೆ ಕಡೆ ಬನ್ನಿ, ಬೇಲಿ ಕತ್ತರಿ ನಮ್ಮಲ್ಲಿದೆ. ಲ್ಯಾವೆಂಡರಿನ ಎರಡು ಸಸಿ ಕುಂಡದಲ್ಲಿ ಹಾಕಿಟ್ಟಿದ್ದೀನಿ, ಆ ಹಸಿರು ಮೆತ್ತೆಯನ್ನೂ ಒಂದು ವಾರ ತಗೊಂಡು ಹೋಗಿ.