‘ಇಷ್ಟೇನಾ’ ಅಂದಿದ್ದಕ್ಕೆ ಎರಡು ಕತ್ತರಿ

ನಿಮ್ಮ ಮೊದಲ ಆಲ್ಬಮ್ಮಿಗೆ ನೀವೇ ‘ಇಷ್ಟೇನಾ’ ಅಂತ ಹೆಸರಿಟ್ಟರೆ ಜನ ಏನನ್ನಬೇಕು? ‘ಹೌದಪ್ಪ, ಇಷ್ಟೇ’ ಅಂದು ಸುಮ್ಮನಾಗಬೇಕು. ನ್ಯೂಯಾರ್ಕಿನ ದಿ ಸ್ಟ್ರೋಕ್ಸ್ ಬ್ಯಾಂಡಿನವರು 2001ರಲ್ಲಿ ‘ಈಸ್ ದಿಸ್ ಇಟ್’ ತಂದಾಗ ಯಾರೂ ಸುಮ್ಮನಾಗಲಿಲ್ಲ. ಬ್ರಿಟನ್ನಿನ ಎನ್‌ಎಂಇ ಅನ್ನೋ ಸಂಗೀತ ಪತ್ರಿಕೆ ಹತ್ತಕ್ಕೆ ಹತ್ತು ಕೊಟ್ಟಿತು. ರಾಕ್ ಸಂಗೀತದ ಪ್ರಾಣ ಹೋಗಿತ್ತು, ಈ ಐದು ಜನ ಬಂದು ಎಬ್ಬಿಸಿ ಕೂರಿಸಿದರು ಅನ್ನೋ ಧಾಟಿಯಲ್ಲಿ ಬರೆದವರೇ ಜಾಸ್ತಿ. ಇಡೀ ಆಲ್ಬಮ್ಮು 36 ನಿಮಿಷ ಸ್ವಾಮಿ. ನಮ್ಮಲ್ಲಿ ಆ ಹೊತ್ತಿಗೆ ಅಂಬುಲೆನ್ಸೂ ಬಂದಿರಲ್ಲ.

ಹುಡುಗರೇನು ಬೀದಿಯಿಂದ ಬಂದವರಲ್ಲ. ಹಾಡುವ ಜೂಲಿಯನ್ ಕಾಸಾಬ್ಲಾಂಕಾಸ್‌ನ ಅಪ್ಪ ಎಲೀಟ್ ಮಾಡೆಲಿಂಗ್ ಏಜೆನ್ಸಿ ಕಟ್ಟಿದವರು. ಜೂಲಿಯನ್ ಮತ್ತು ಗಿಟಾರ್ ನುಡಿಸುವ ಆಲ್ಬರ್ಟ್ ಹ್ಯಾಮಂಡ್ ಜೂನಿಯರ್ ಮೊದಲು ಭೇಟಿಯಾಗಿದ್ದು ಸ್ವಿಟ್ಜರ್ಲೆಂಡಿನ ಲೆ ರೋಸೇಯಲ್ಲಿ, ಅಂದರೆ ರಾಜರ ಮಕ್ಕಳು ಓದೋ ಬೋರ್ಡಿಂಗ್ ಶಾಲೆಯಲ್ಲಿ. ಅಷ್ಟು ಓದಿ ಬಂದವರು ನ್ಯೂಯಾರ್ಕಿನ ಒಂದು ನೆಲಮಾಳಿಗೆ ಸ್ಟುಡಿಯೋಗೆ ಇಳಿದು, ಮನೆಯಲ್ಲಿ ಪ್ರಾಕ್ಟೀಸಿಗೆ ಇಟ್ಟುಕೊಳ್ಳುವ ಪುಟ್ಟ ಆಂಪ್ಲಿಫೈಯರಿನಿಂದ ದನಿ ಹಾಯಿಸಿ, ಯಾರೋ ಬೂತಿನಿಂದ ಟ್ರಂಕ್ ಕಾಲ್ ಮಾಡಿದ ಹಾಗೆ ಕೇಳಿಸಿದರು. ಬಡವರ ಥರ ಕಾಣೋದಕ್ಕೂ ಒಂದು ವಿದ್ಯೆ ಬೇಕು. (ಹಾಡುಗಳು ಚೆನ್ನಾಗಿವೆ, ಅದು ಬೇರೆ ಮಾತು. ಆ ಎರಡು ಗಿಟಾರು ಒಂದರ ಕಾಲು ಇನ್ನೊಂದು ತುಳಿಯದೆ ಜೊತೆಗೆ ಓಡೋದು ಕೇಳಿದರೆ ನನ್ನಂಥ ಹೊಟ್ಟೆಕಿಚ್ಚಿನವನೂ ಬಾಯಿ ಮುಚ್ಚುತ್ತಾನೆ.)

ಮೊದಲ ಕತ್ತರಿ ಬಿದ್ದಿದ್ದು ಮುಖಪುಟಕ್ಕೆ. ಕಾಲಿನ್ ಲೇನ್ ತೆಗೆದ ಕಪ್ಪು ಬಿಳುಪು ಫೋಟೋ. ಬೆತ್ತಲೆ ಸೊಂಟದ ಒಂದು ಬದಿ, ಅದರ ಮೇಲೆ ಗವಸು ತೊಟ್ಟ ಒಂದು ಕೈ, ಅಷ್ಟೇ. ಬ್ರಿಟನ್ನಿನ ಅಂಗಡಿಗಳು ಅದನ್ನೇ ಮಾರಿದವು, ದೇಶ ಮುಳುಗಲಿಲ್ಲ. ಅಮೆರಿಕದಲ್ಲಿ ಮಾತ್ರ ಅಂಗಡಿಯವರು ಮುಖ ತಿರುಗಿಸಿಯಾರು ಅನ್ನೋ ಭಯ. ಅದಕ್ಕೆ ಬದಲಿ ಚಿತ್ರ ಏನು ಗೊತ್ತಾ? ಬಬಲ್ ಚೇಂಬರ್ ಅನ್ನೋ ಯಂತ್ರದೊಳಗೆ ಪರಮಾಣುವಿಗಿಂತ ಚಿಕ್ಕ ಕಣಗಳು ಹಾದುಹೋದ ಗೆರೆಗಳು. ಕುಂಡಿ ತೆಗೆದು ಕ್ವಾಂಟಮ್ ಇಟ್ಟರು. ಫಿಸಿಕ್ಸ್ ಮೇಷ್ಟರನ್ನು ಬಿಟ್ಟರೆ ಯಾರಿಗೂ ಅದು ಏನಂತ ಗೊತ್ತಿಲ್ಲ, ಗೊತ್ತಾಗದ್ದಕ್ಕೆ ಯಾರು ಮುಜುಗರ ಪಡ್ತಾರೆ? ಜೂಲಿಯನ್ ಕೂಡ ನನಗೆ ಈ ಚಿತ್ರವೇ ಇಷ್ಟ ಅಂದುಬಿಟ್ಟ. ಮದುವೆ ಮನೆಯಲ್ಲಿ ಹೋಳಿಗೆ ಖಾಲಿಯಾದ ಮೇಲೆ ನನಗೆ ಮಜ್ಜಿಗೆಯೇ ಸಾಕು ಅಂತಾರಲ್ಲ, ಹಾಗೆ.

ಎರಡನೇ ಕತ್ತರಿ ಇನ್ನೂ ಚೆಂದ. ಆಲ್ಬಮ್ಮಿನಲ್ಲಿ ‘ನ್ಯೂಯಾರ್ಕ್ ಸಿಟಿ ಕಾಪ್ಸ್’ ಅಂತ ಒಂದು ಹಾಡು. ನಮ್ಮೂರ ಪೊಲೀಸರು ಅಷ್ಟೇನೂ ಜಾಣರಲ್ಲ ಅನ್ನೋದು ಅದರ ಸಾರ. ಅಮೆರಿಕದಲ್ಲಿ ಸಿಡಿ ಬರಬೇಕಿದ್ದದ್ದು ಸೆಪ್ಟೆಂಬರ್ 25ಕ್ಕೆ. ಅಷ್ಟರಲ್ಲಿ ಸೆಪ್ಟೆಂಬರ್ 11 ಬಂತು, ಅವಳಿ ಗೋಪುರ ಬಿತ್ತು, ಜನರನ್ನು ಉಳಿಸಲು ಒಳಗೆ ಹೋದ ಪೊಲೀಸರೂ ಸತ್ತರು. ಆ ವಾರ ಆ ಹಾಡು ಬೇಡ ಅನ್ನಿಸಿದ್ದು ಅರ್ಥವಾಗುತ್ತೆ, ಅದರಲ್ಲಿ ನಗೋದೇನಿಲ್ಲ. ಆದರೆ ಸಿಡಿಯನ್ನು ಅಕ್ಟೋಬರ್ 9ಕ್ಕೆ ತಳ್ಳಿ, ಹಾಡು ಕಿತ್ತು ಬೇರೊಂದನ್ನು ಸೇರಿಸಿದರಲ್ಲ, ದೊಡ್ಡ ಕಪ್ಪು ತಟ್ಟೆಯ ರೆಕಾರ್ಡು ಸರಿಯಾಗಿ ಸೆಪ್ಟೆಂಬರ್ 11ರಂದೇ ಹೊರಟುಬಿಟ್ಟಿತ್ತು, ಅದರಲ್ಲಿ ಹಾಡು ಹಾಗೇ ಇತ್ತು. ಸಿಡಿ ಕೊಂಡವರ ಮನಸ್ಸು ಮೃದು, ರೆಕಾರ್ಡ್ ಕೊಂಡವರದು ಕಲ್ಲು ಅಂತಲೋ ಏನೋ.

ಅದೇ ದಿನಗಳಲ್ಲಿ ಕ್ಲಿಯರ್ ಚಾನೆಲ್ ಅನ್ನೋ ಕಂಪನಿಯ ಸಾವಿರಕ್ಕೂ ಹೆಚ್ಚು ರೇಡಿಯೋ ಕೇಂದ್ರಗಳಿಗೆ ಒಂದು ಪಟ್ಟಿ ಹೋಯಿತು. ಹಾಕುವ ಮುಂಚೆ ಯೋಚಿಸಿ ಅನ್ನೋ ನೂರೈವತ್ತಕ್ಕೂ ಹೆಚ್ಚು ಹಾಡುಗಳು. ಬ್ಯಾನ್ ಅಲ್ಲವಂತೆ, ಸುಮ್ನೆ ಒಂದು ಸಲಹೆಯಂತೆ. ಅದರಲ್ಲಿ ಜಗತ್ತು ಎಷ್ಟು ಚೆಂದ ಅಂತ ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದ್ದೂ ಇತ್ತು, ಯುದ್ಧವಿಲ್ಲದ ಲೋಕ ಊಹಿಸಿಕೊಳ್ಳಿ ಅಂತ ಜಾನ್ ಲೆನನ್ ಹಾಡಿದ್ದೂ ಇತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇಲ್ಲಂತೂ ಕೊಟ್ಟಿಗೆಯಲ್ಲಿದ್ದ ಕರುವನ್ನೂ ಬಿಡಲಿಲ್ಲ.

1999ರಲ್ಲಿ ಅದೇ ನ್ಯೂಯಾರ್ಕ್ ಪೊಲೀಸರು ಅಮಾಡು ಡಿಯಾಲೋ ಅನ್ನೋ ನಿರಾಯುಧ ಯುವಕನ ಮೇಲೆ, ಅವನ ಮನೆ ಬಾಗಿಲಲ್ಲೇ, 41 ಗುಂಡು ಹಾರಿಸಿದ್ದರು. ಗುಂಡು ಹಾರಿಸಿದ ನಾಲ್ವರು ಪೊಲೀಸರೂ ಕೋರ್ಟಿನಲ್ಲಿ ಖುಲಾಸೆ. ಹಾಡಿನ ಜಾಣರಲ್ಲ ಅನ್ನೋ ಪದ ಬಹಳ ಸೌಮ್ಯವಾಯಿತು ಅಂತ ನನಗನ್ನಿಸುತ್ತೆ.

ಹಾಡು ಸಾಯಲಿಲ್ಲ. ಫೆಬ್ರವರಿ 2020ರಲ್ಲಿ ನ್ಯೂ ಹ್ಯಾಂಪ್‌ಶೈರಿನಲ್ಲಿ ಅಮೆರಿಕದ ಅಧ್ಯಕ್ಷನಾಗಲು ಹೊರಟಿದ್ದ ಬರ್ನಿ ಸ್ಯಾಂಡರ್ಸ್ ಚುನಾವಣಾ ಸಭೆಯಲ್ಲಿ ಬ್ಯಾಂಡು ಇದನ್ನೇ ಹಾಡಿತು. ಜನ ವೇದಿಕೆ ಹತ್ತಿದರು. ಅವರನ್ನು ಇಳಿಸಲು ಪೊಲೀಸರೂ ಹತ್ತಿದರು. ಬೈಗುಳದ ಹಾಡನ್ನು ಸ್ಪೀಕರಿನ ಪಕ್ಕದಲ್ಲೇ ನಿಂತು ಕೇಳೋ ಭಾಗ್ಯ ಅವರದು. ಆದರೆ ಅವರು ನ್ಯೂ ಹ್ಯಾಂಪ್‌ಶೈರ್ ಪೊಲೀಸರು ನೋಡಿ, ಹಾಡು ನ್ಯೂಯಾರ್ಕಿನವರದು. ಬೇಜಾರು ಮಾಡಿಕೊಂಡಿರಲಿಕ್ಕಿಲ್ಲ.