ಇನ್ನೊಂದು ಪ್ಲೇಟ್ ಹಾಕ್ಸಿಬಿಡಿ

ಖಾಲಿ ಪಿಕಪ್ಪಿನಲ್ಲಿ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬಂದವರಿಗೆ ಬೆನ್ನುಮೂಳೆಯಲ್ಲಿ ಎಷ್ಟು ಮಣಿಗಳಿವೆ ಎಂದು ಡಾಕ್ಟರು ಹೇಳಿಕೊಡಬೇಕಾಗಿಲ್ಲ. ಗಾಜನೂರು ದಾಟುವಷ್ಟರಲ್ಲಿ ಅರ್ಧ, ಮಂಡಗದ್ದೆ ಹೊತ್ತಿಗೆ ಉಳಿದರ್ಧ, ಒಂದೊಂದಾಗಿ ಹಾಜರಿ ಹೇಳಿರುತ್ತವೆ. ಬೆಳಿಗ್ಗೆ ಅಡಿಕೆ ಮೂಟೆ ಹೇರಿಕೊಂಡು ಮಂಡಿಗೆ ಹೋಗುವಾಗ ಇದೇ ಗಾಡಿ, ಇದೇ ಹೊಂಡ, ಆದರೆ ಎಷ್ಟು ಮರ್ಯಾದಸ್ಥ! ಮೂಟೆ ಇಳಿಸಿದ್ದೇ ತಡ, ಮೈಮೇಲೆ ಬಂದವರ ಹಾಗೆ ಕುಣಿಯುತ್ತದೆ.

ಇದರಲ್ಲಿ ಗಾಡಿಯ ತಪ್ಪೇನೂ ಇಲ್ಲ. ಟನ್ನು, ಒಂದೂವರೆ ಟನ್ನು ಹೊರಲೆಂದೇ ಹಿಂದಿನ ಪ್ಲೇಟ್ ಕಟ್ಟು, ಅಂದರೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗು, ಮಾಡಿರುತ್ತಾರೆ. ಲೋಡ್ ಇಳಿದರೂ ಸ್ಪ್ರಿಂಗಿನ ಬಿಗಿ ಇಳಿಯುವುದಿಲ್ಲ. ಸ್ಪ್ರಿಂಗಿನ ಮೇಲಿನ ಭಾರ ನಾಲ್ಕರಲ್ಲೊಂದು ಪಾಲಾದರೆ ಕುಣಿತ ಎರಡರಷ್ಟು ಚುರುಕಾಗುತ್ತದೆ, ಲೆಕ್ಕ ಅಷ್ಟೇ.

ಲೆಕ್ಕ ಯಾರಿಗೆ ಬೇಕು? ನಮ್ಮಲ್ಲಿ ಪ್ಲೇಟ್ ಪಂಡಿತರಿದ್ದಾರೆ. ಊರಿಗೊಬ್ಬರಂತೂ ಗ್ಯಾರಂಟಿ, ಪೇಟೆಯಾದರೆ ಪ್ರತಿ ಚಾ ಅಂಗಡಿಗೂ ಒಬ್ಬರು. ಗಾಡಿ ನಿಲ್ಲಿಸಿ ಸೊಂಟ ಹಿಡಿದುಕೊಂಡು ಇಳಿದರೆ ಸಾಕು, ಹತ್ತಿರ ಬರುತ್ತಾರೆ. ಮೊದಲು ಹಿಂದಿನ ಟೈರಿಗೆ ಒಂದು ಒದೆ. ಆಮೇಲೆ ಪಂಚೆ ಎತ್ತಿಕಟ್ಟಿ, ಕುಕ್ಕರಗಾಲಲ್ಲಿ ಕೂತು, ಪ್ಲೇಟ್ ಕಟ್ಟನ್ನು ಜಾತಕ ನೋಡಿದ ಹಾಗೆ ನೋಡುವುದು. ಒಂದು ನಿಮಿಷ ಮೌನ. ಕೊನೆಗೆ, ‘ಇನ್ನೊಂದು ಪ್ಲೇಟ್ ಹಾಕ್ಸಿಬಿಡಿ ಮಾರಾಯ್ರೆ.’

‘ಅಲ್ಲ ಸ್ವಾಮಿ, ಈಗಲೇ ಗಟ್ಟಿಯಾಗಿ ಎತ್ತಿ ಹಾಕ್ತಾ ಇದೆ.’

‘ಅದಕ್ಕೇ ಹೇಳಿದ್ದು!’

ಗಾಡಿ ಎಡಕ್ಕೆ ಎಳೆದರೆ ಪ್ಲೇಟ್. ಡೀಸೆಲ್ ಜಾಸ್ತಿ ಕುಡಿದರೆ ಪ್ಲೇಟ್. ತೋಟ ನೋಡಿಕೊಂಡಿರುವ ಮಗನಿಗೆ ಹೆಣ್ಣು ಸಿಗುತ್ತಿಲ್ಲ ಎಂದರೂ ಆ ಮನುಷ್ಯ ಒಮ್ಮೆ ಗಾಡಿಯ ಅಡಿಗೆ ಬಗ್ಗಿ ನೋಡದೆ ಇರಲಾರರು.

ಆರು ಪ್ಲೇಟಿನ ಕಟ್ಟಿಗೆ ಅಷ್ಟೇ ದಪ್ಪದ ಏಳನೆಯದು ಸೇರಿದರೆ ಬಿಗಿ ಹೆಚ್ಚುಕಡಿಮೆ ಆರರಲ್ಲೊಂದು ಪಾಲು ಏರುತ್ತದೆ. ಲಾರಿಯ ಹಳೇ ಪ್ಲೇಟ್ ಕತ್ತರಿಸಿ ತುರುಕಿದರೆ ಮುಗಿದೇ ಹೋಯಿತು. ದಪ್ಪ ಎರಡರಷ್ಟಾದರೆ ಆ ಪ್ಲೇಟಿನ ಬಿಗಿ ಎಂಟರಷ್ಟು. ಗಾಡಿಯ ಹಿಂಭಾಗ ಮೇಲೇಳುತ್ತದೆ, ಹೆಡ್‌ಲೈಟು ರಸ್ತೆ ಬಿಟ್ಟು ಬಂಪರಿನ ಮುಂದಿನ ಮಣ್ಣು ಹುಡುಕುತ್ತದೆ. ಇಷ್ಟಾದರೆ ನಕ್ಕು ಸುಮ್ಮನಿರಬಹುದಿತ್ತು. ಆದರೆ ಕೆಲವು ಗಾಡಿಗಳಲ್ಲಿ ಹಿಂದಿನ ಎತ್ತರ ನೋಡಿಕೊಂಡು ಹಿಂಚಕ್ರದ ಬ್ರೇಕಿಗೆ ಒತ್ತಡ ಬಿಡುವ ವಾಲ್ವ್ ಇರುತ್ತದೆ. ಹಿಂಭಾಗ ಎದ್ದೇ ಇದ್ದರೆ ಅದು ಗಾಡಿ ಖಾಲಿ ಎಂದೇ ತಿಳಿಯುತ್ತದೆ. ತುಂಬು ಲೋಡಿನಲ್ಲಿ ಹುಲಿಕಲ್ ಘಾಟಿ ಇಳಿಯುವಾಗ ಹಿಂದಿನ ಬ್ರೇಕು ಅರೆಮನಸ್ಸಿನಲ್ಲಿ ಹಿಡಿಯುತ್ತದೆ. ಪಂಡಿತರು ಆಗ ಚಾ ಅಂಗಡಿಯಲ್ಲಿ ಕ್ಷೇಮವಾಗಿರುತ್ತಾರೆ.

ಪಂಡಿತರ ಮಾತಿಗೆ ಹಾಕಿಸಿದ ಪ್ಲೇಟ್ ಇದ್ದರೆ ಮೊದಲು ಅದನ್ನು ಬಿಚ್ಚಿಸಿ. ಕಂಪನಿ ಕೊಟ್ಟದ್ದನ್ನು ಮಾತ್ರ ಮುಟ್ಟಬೇಡಿ.

ಇನ್ನು ಗಾಳಿ. ಕಾಸಿಲ್ಲದೆ ಆಗುವ ರಿಪೇರಿ ಇದೊಂದೇ, ಅದಕ್ಕೇ ಯಾರೂ ಮಾಡುವುದಿಲ್ಲ. ಗಾಳಿ ಹಾಕುವ ಹುಡುಗನಿಗೆ ಪಿಕಪ್ ಎಂದರೆ ನಾಲ್ಕಕ್ಕೂ ಒಂದೇ ಲೆಕ್ಕ, ಕಲ್ಲಾಗುವವರೆಗೆ. ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲೋ ಗಾಡಿಯ ಪುಸ್ತಕದಲ್ಲೋ ಮುಂದಿನದಕ್ಕೆಷ್ಟು, ಹಿಂದಿನದಕ್ಕೆಷ್ಟು ಎಂದಿರುತ್ತದೆ. ಖಾಲಿಗೆ ಬೇರೆ, ಲೋಡಿಗೆ ಬೇರೆ ಎಂದು ಕೊಟ್ಟಿದ್ದರೆ ಅದನ್ನೇ ಪಾಲಿಸಿ. ನೋಡುವುದು ಟೈರು ತಣ್ಣಗಿರುವಾಗ. ಓಡಿ ಬಿಸಿಯಾದ ಟೈರಿನಲ್ಲಿ ಅಂಕಿ ಏರಿರುತ್ತದೆ, ಆಗ ಇಳಿಸಿದರೆ ಬೆಳಿಗ್ಗೆಗೆ ಕಡಿಮೆಯಾಗಿರುತ್ತದೆ.

ಸ್ಪ್ರಿಂಗಿನ ಕುಣಿತಕ್ಕೆ ತಡೆ ಹಾಕುವ ಶಾಕ್ ಅಬ್ಸಾರ್ಬರ್ ಸತ್ತಿದೆಯೋ ಬದುಕಿದೆಯೋ ತಿಳಿಯಲು ಬಾಡಿ ಹಿಡಿದು ಅಲ್ಲಾಡಿಸಿ ಪ್ರಯೋಜನವಿಲ್ಲ, ಪ್ಲೇಟುಗಳ ತಿಕ್ಕಾಟವೇ ಗಾಡಿಯನ್ನು ನಿಲ್ಲಿಸಿಬಿಡುತ್ತದೆ. ಹೊಂಡದ ರಸ್ತೆಯಲ್ಲಿ ಹತ್ತು ಹನ್ನೆರಡು ಕಿಲೋಮೀಟರ್ ಓಡಿಸಿ, ಇಳಿದು, ಸೈಲೆನ್ಸರ್ ಪೈಪಿಗೆ ಕೈ ತಾಗದ ಹಾಗೆ ಹಿಂದಿನ ಎರಡೂ ಶಾಕನ್ನು ಮುಟ್ಟಿ ನೋಡಿ. ದುಡಿದದ್ದು ಬೆಚ್ಚಗಿರುತ್ತದೆ. ತಣ್ಣಗಿರುವುದು ಸಂಬಳ ಮಾತ್ರ ತೆಗೆದುಕೊಳ್ಳುತ್ತಿದೆ. ಮೈಮೇಲೆ ಎಣ್ಣೆ ಇಳಿದು ಧೂಳು ಮೆತ್ತಿದ್ದರೆ ಮುಟ್ಟುವುದೂ ಬೇಡ. ಬದಲಿಸುವಾಗ ಜೋಡಿಯನ್ನೇ ಬದಲಿಸಿ.

ಮಳೆಗಾಲಕ್ಕೆ ಮುಂಚೆ ಅಡಿಗೆಲ್ಲ ಸುಟ್ಟ ಆಯಿಲ್ ಹೊಡೆಸುವ ಪದ್ಧತಿ ಇದೆಯಲ್ಲ, ಅದರಿಂದ ತುಕ್ಕಿಗೆ ತಡೆ ಸಿಕ್ಕರೂ ಪ್ಲೇಟ್ ಕಟ್ಟಿನ ತುದಿಯ ರಬ್ಬರ್ ಬುಷ್ಷುಗಳು ಊದಿಕೊಂಡು ಹಾಳಾಗುತ್ತವೆ. ಪ್ಲೇಟ್ ಕಿರುಗುಟ್ಟುತ್ತಿದ್ದರೆ ಕಟ್ಟು ಬಿಚ್ಚಿ, ತಂತಿ ಬ್ರಷ್ಷಿನಲ್ಲಿ ತುಕ್ಕು ಉಜ್ಜಿ, ಗ್ರಾಫೈಟ್ ಗ್ರೀಸ್ ತೆಳ್ಳಗೆ ಸವರಬೇಕು. ತುದಿಯಲ್ಲಿ ಪ್ಲಾಸ್ಟಿಕ್ ಪ್ಯಾಡ್ ಇರುವ ಕಟ್ಟಾದರೆ ಗ್ರೀಸ್ ಬೇಡ, ಸವೆದ ಪ್ಯಾಡ್ ಬದಲಿಸಿದರೆ ಸಾಕು. ಬುಷ್ ಹೊಸದು ಹಾಕಿದರೆ ಅದರ ನಟ್ಟನ್ನು ಕೊನೇ ಸಲ ಬಿಗಿಯುವುದು ಚಕ್ರ ನೆಲಕ್ಕೂರಿದ ಮೇಲೆ. ಜಾಕಿನಲ್ಲಿ ನೇತಾಡುವಾಗಲೇ ಬಿಗಿದರೆ, ಗಾಡಿ ಇಳಿಸಿದಾಗ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಖಾಲಿ ಓಡಾಟವೇ ಹೆಚ್ಚಿದ್ದರೆ ನೂರೈವತ್ತು ಇನ್ನೂರು ಕಿಲೋ ಮರಳು ಚೀಲ, ಹಿಂದಿನ ಆಕ್ಸಲ್ಲಿಗಿಂತ ತುಸು ಮುಂದೆ, ಹಗ್ಗ ಬಿಗಿದು ಇಟ್ಟು ನೋಡಿ. ಕುಣಿತ ತಗ್ಗುತ್ತದೆ. ಅಪಾಯ ಒಂದೇ: ಮಲೆನಾಡಿನಲ್ಲಿ ಮರಳಿಗೆ ಇರುವ ಬೇಡಿಕೆ ನಿಮಗೆ ಗೊತ್ತು. ಬೆಳಗಾಗುವುದರೊಳಗೆ ಪಕ್ಕದ ಮನೆಯ ಗೋಡೆಗೆ ಪ್ಲಾಸ್ಟರ್ ಆಗಿರುತ್ತದೆ.

ಹಿಂದೆ ಎಳ್ಳಮಾವಾಸ್ಯೆ ಜಾತ್ರೆಗೆ ಮನೆಮಂದಿಯೆಲ್ಲ ಜೀಪಿನಲ್ಲಿ ಒಬ್ಬರ ಮೇಲೊಬ್ಬರು ಕೂತು ಹೋಗುತ್ತಿದ್ದರು. ಅದೂ ಎತ್ತಿ ಹಾಕುತ್ತಿತ್ತು. ಅಜ್ಜಿಯಂದಿರು ರಾಮೇಶ್ವರನನ್ನು ನೆನೆದು ನಗುತ್ತಿದ್ದರು. ಈಗ ಪಿಕಪ್ ಬಾಗಿಲು ತೆರೆದು ಕರೆದರೆ, ‘ನೀವು ಹೋಗಿ, ನಾನು ಬಸ್ಸಿಗೆ ಬರ್ತೆ’ ಎನ್ನುತ್ತಾರೆ. ಸೀಟಿನ ಮೇಲೆ ಟವೆಲ್ ಮಡಚಿ ಹಾಕಿ ಪುಸಲಾಯಿಸಿದರೂ ಬರುವುದಿಲ್ಲ. ಪುಡಿಯಾದ ಹಳೇ ಸ್ಪಂಜಿನ ಮೇಲೆ ಟವೆಲ್ಲೇನು ಮಾಡೀತು? ಅದನ್ನು ಕಿತ್ತು ಗಟ್ಟಿ ಫೋಮ್ ಹಾಕಿಸಬೇಕು. ಕೈಯಲ್ಲಿ ಒತ್ತಿದಾಗ ಹಾಯೆನಿಸುವ ಮೆತ್ತನೆಯದು ಮೊದಲ ರೋಡ್ ಹಂಪಿಗೇ ತಳ ಮುಟ್ಟುತ್ತದೆ.

ಹಂಪು ಎಂದಾಗ ನೆನಪಾಯಿತು: ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ ಕಾಂಗ್ರೆಸ್ಸಿನ 1988ರ ಅಳತೆಯಂತೆ ಅದು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕಿತ್ತು. ನಮ್ಮೂರುಗಳಲ್ಲಿ ಉಳಿದ ಡಾಂಬರು ಎಷ್ಟಿತ್ತೋ ಅಷ್ಟು.

ಪ್ಲೇಟ್ ಕಟ್ಟು ಬಿಚ್ಚಿ ಕೂರಿಸಿದ ಮೇಲೆ ಕಟ್ಟನ್ನು ಆಕ್ಸಲ್ಲಿಗೆ ಬಿಗಿದಿಡುವ ಯು ಬೋಲ್ಟ್ ಹೊಸದು ಹಾಕಿಸಿ, ನಾಲ್ಕೂ ನಟ್ಟನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಸಿ, ಐನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಿಸಬೇಕು. ಸಡಿಲವಾದರೆ ನಡುವಿನ ಬೋಲ್ಟ್ ತುಂಡಾಗಿ ಆಕ್ಸಲ್ಲೇ ಹಿಂದೆ ಮುಂದೆ ಸರಿಯುತ್ತದೆ. ಎಷ್ಟು ಬಿಗಿಯಾಯಿತೆಂದು ಅಳೆಯುವ ಟಾರ್ಕ್ ರೆಂಚ್ ಇದೆಯಾ ಎಂದು ಗ್ಯಾರೇಜಿನಲ್ಲಿ ಕೇಳಿ. ಇದೆ ಎನ್ನುತ್ತಾರೆ. ಆಮೇಲೆ ಪಾನಾಕ್ಕೆ ನಾಲ್ಕಡಿ ಪೈಪ್ ಸಿಕ್ಕಿಸಿ, ಅದರ ತುದಿಗೆ ಒಬ್ಬ ಹುಡುಗನನ್ನು ಜೋತು ಬೀಳಿಸುತ್ತಾರೆ. ಹುಡುಗನ ಊಟವಾಗಿದೆಯೇ ಎಂದಾದರೂ ವಿಚಾರಿಸಿಕೊಳ್ಳಿ.