ಸ್ಪಷ್ಟನೆ: ನಂದಿ ಹಾಲ್ಟ್ ಬೆಟ್ಟದ ಮೇಲಿಲ್ಲ, ಗಾಂಧೀಜಿಗಾಗಿ ಕಟ್ಟಿದ್ದೂ ಅಲ್ಲ

"ಗಾಂಧೀಜಿ ಬರ್ತಾರೆ ಅಂತ ಕಟ್ಟಿದ ಸ್ಟೇಷನ್, ರೈಲಿಳಿದರೆ ನಂದಿ ಬೆಟ್ಟ ಅಲ್ಲೇ" ಎಂಬ ಮೆಸೇಜ್ ಚಿಕ್ಕಬಳ್ಳಾಪುರ ಹತ್ತಿರದ ನಂದಿ ಹಾಲ್ಟ್ ಫೋಟೋ ಜೊತೆ ಓಡಾಡುತ್ತಿದೆ. ಯೋಚಿಸದೆ ನಾನೂ ನಾಲ್ಕು ಜನಕ್ಕೆ ಕಳಿಸಿದ್ದೆ. ಎರಡು ಮಾತೂ ತಪ್ಪು.

ಈ ಸ್ಟೇಷನ್ ಇರುವ ಯಲಹಂಕ–ಚಿಕ್ಕಬಳ್ಳಾಪುರ ಲೈನ್ ಶುರುವಾಗಿದ್ದು 1915ರಲ್ಲಿ, ಆಗ ನ್ಯಾರೋಗೇಜ್ (ಕಿರಿದಾದ ಹಳಿ). ಗಾಂಧೀಜಿ ವಿಶ್ರಾಂತಿಗೆ ನಂದಿ ಬೆಟ್ಟಕ್ಕೆ ಬಂದದ್ದು 1927ರಲ್ಲಿ. ಹನ್ನೆರಡು ವರ್ಷದ ಅಂತರ! ಅವರಿಗಾಗಿ ಕಟ್ಟಿದ್ದು ಹೇಗಾಗುತ್ತದೆ?

ಇನ್ನು ಬೆಟ್ಟ. ಸ್ಟೇಷನ್ ಇರುವುದು ಬುಡದಲ್ಲಿ, ನಂದಿ ಗ್ರಾಮದ ಕಡೆ. ತುದಿ ಇರುವುದು ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿ. ಮೆಟ್ಟಿಲು ದಾರಿ ಹಿಡಿದರೆ ಸಾವಿರಕ್ಕೂ ಜಾಸ್ತಿ ಮೆಟ್ಟಿಲು. ಚಪ್ಪಲಿ ಹಾಕಿಕೊಂಡು ಅಜ್ಜಿಯನ್ನೂ ಕರ್ಕೊಂಡು ಹೋಗಬೇಡಿ ಮಾರಾಯ್ರೇ.

ಹಾಗಂತ ಇಳಿಯೋದೇ ಬೇಡ ಅಂತಲ್ಲ. ಸುಮ್ನೆ ಆ ಪುಟ್ಟ ಹಳೇ ಕಟ್ಟಡ ನೋಡಿ. ಆಮೇಲೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನಕ್ಕೆ ಹೋಗಿ. ಕಲ್ಯಾಣ ಮಂಟಪದ ಕಂಬಗಳಲ್ಲಿ ಕಪ್ಪು ಕಲ್ಲಿನಲ್ಲಿ ಕಡೆದ ಬಳ್ಳಿ, ಗಿಳಿಗಳಿವೆ. ಬೆಟ್ಟ ಇನ್ನೊಂದು ದಿನಕ್ಕಿರಲಿ. ವಾಪಸ್ ರೈಲಿನ ಟೈಮ್ ಮಾತ್ರ ಮೊದಲೇ ನೋಡಿಕೊಳ್ಳಿ, ಈ ಲೈನ್‌ನಲ್ಲಿ ರೈಲು ಕಡಿಮೆ.